ಕೊಳತೂರಿನ ಕೊಳ, ಬೆಳ್ಗೊಳದ ಕೊಳ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣಕ್ಕೆ ಹಿಂದೆ ಕೊಳತೂರು ಎಂಬ ಹೆಸರಿತ್ತು. ಅದೇ ತಾಲ್ಲೂಕಿನಲ್ಲಿ ಶ್ರವಣಬೆಳಗೊಳವಿದೆ. ಎರಡು ಹೆಸರುಗಳಲ್ಲೂ ‘ಕೊಳ’ ಉಂಟು, ಆದರೆ ಅದರ ಕೆಲಸ ಬೇರೆ ಬೇರೆ. ಕೊಳತೂರು ಎಂದಾಗ ಮಾತು ಊರಿನದು, ಕೊಳ ಅದರ ಗುರುತು ಮಾತ್ರ. ಬೆಳ್ಗೊಳ ಎಂದಾಗ ಮಾತು ಕೊಳದ್ದೇ: ಬಿಳಿಯ ಕೊಳ. ‘ಕ’ಕಾರ ‘ಗ’ಕಾರವಾದದ್ದು ನಾವೆಲ್ಲ ಶಾಲೆಯಲ್ಲಿ ಕಲಿತ ಆದೇಶಸಂಧಿ. ಅವೇ ಪರಮಾಣುಗಳು ಜೋಡಣೆ ಬದಲಾದರೆ ಬೇರೆ ವಸ್ತುವಾಗುವುದನ್ನು ಓದಿ ಬಂದ ನನಗೆ ಇದು ವ್ಯಾಕರಣಕ್ಕಿಂತ ರಸಾಯನಶಾಸ್ತ್ರವೆಂದೇ ತೋರುತ್ತದೆ.

ಒಂದು ನಾಮಪದ ಇನ್ನೊಂದನ್ನು ವಿಶೇಷಿಸುವಾಗ ಕನ್ನಡದಲ್ಲಿ ಮುಖ್ಯಪದ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷಿನದೂ ಇದೇ ದಾರಿ: ‘ಹಾರ್ಸ್ ರೇಸ್’ ಎಂದರೆ ಪಂದ್ಯ, ‘ರೇಸ್ ಹಾರ್ಸ್’ ಎಂದರೆ ಕುದುರೆ. ಫ್ರೆಂಚರು ಮಾತ್ರ ರೈಲು ಹಾದಿಗೆ ‘ಹಾದಿ’ಯನ್ನು ಮೊದಲು ಹೇಳಿ ‘ಕಬ್ಬಿಣ’ವನ್ನು ಆಮೇಲೆ ಸೇರಿಸುತ್ತಾರೆ.

ನಮ್ಮಲ್ಲಿ ಈ ಕ್ರಮ ಹಳೆಯದು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಕ್ರಿ.ಶ. 450ರ ಸುಮಾರಿನದು, ವೀರನಿಗೆ ಕೊಟ್ಟ ದತ್ತಿಯನ್ನು ‘ಬಾಳ್ಗಳ್ಚು’ ಎನ್ನುತ್ತದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಕತ್ತಿ ಮೊದಲು, ತೊಳೆಯುವುದು ಕೊನೆಗೆ. ಇಲ್ಲೂ ಅದೇ ‘ಗ’ಕಾರ.

ಹೊಳೆನರಸೀಪುರದಲ್ಲಿ ಮೂರು ಪದಗಳಿವೆ. ನರಸಿಂಹನ ಪುರ ನರಸೀಪುರ. ಮೈಸೂರಿನ ಕಡೆ ಇನ್ನೊಂದು ನರಸೀಪುರ ಇದೆಯಲ್ಲ, ತಿರುಮಕೂಡಲಿನದು! ಇದು ಹೇಮಾವತಿ ದಂಡೆಯದು, ಆದ್ದರಿಂದ ‘ಹೊಳೆ’. ಬೆಳಗೊಳಕ್ಕೂ ಹಾಗೆಯೇ: ಹಳೆಬೆಳಗೊಳ, ಕೋಡಿಬೆಳಗೊಳಗಳಿಂದ ಬೇರೆಯೆಂದು ತಿಳಿಯಲು ‘ಶ್ರವಣ’ ಸೇರಿತು. ಅರಕಲಗೂಡಿನ ಮೊದಲ ಭಾಗವನ್ನು ಸ್ಥಳೀಯರು ಅರ್ಕನಿಗೆ, ಎಂದರೆ ಸೂರ್ಯನಿಗೆ, ಜೋಡಿಸುತ್ತಾರೆ.

ಇನ್ನು ಕೊಳತೂರಿನ ಕೊಳ ಎಲ್ಲಿ ಹೋಯಿತು? ಗೆಜೆಟಿಯರ್ ಹೇಳುವಂತೆ 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಆ ಊರನ್ನು ಗೆದ್ದು ಮಗ ಚನ್ನರಾಯನಿಗೆ ಕೊಟ್ಟ. ದೇವರ ಹರಕೆಯಿಂದ ಹುಟ್ಟಿದ ಮಗನಿಗೆ ದೇವರದೇ ಹೆಸರು, ಊರಿಗೂ ಅದೇ. ಊರು ಪಟ್ಟಣವಾಯಿತು, ಕೊಳ ಹೆಸರಿನಿಂದ ಅಳಿಯಿತು.

ಈಗ ಬಸ್ಸಿನ ಫಲಕದಲ್ಲೂ ಮಾತಿನಲ್ಲೂ ‘ಸಿ.ಆರ್. ಪಟ್ಟಣ’, ‘ಎಚ್.ಎನ್. ಪುರ’. ನಾಡಿನಲ್ಲಿ ಪಟ್ಟಣ ಎಷ್ಟಿಲ್ಲ, ಪುರ ಎಷ್ಟಿಲ್ಲ! ಅವನ್ನು ಉಳಿಸಿಕೊಂಡು, ಗುರುತು ಹೇಳುವ ಹೊಳೆಯನ್ನೂ ಚನ್ನರಾಯನನ್ನೂ ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದ್ದೇವೆ. ಪರದೆಯ ಶೀರ್ಷಿಕೆಯಲ್ಲಿ ಜಾಗ ಕಡಿಮೆಯೆಂದು ಸಂಕಲನಕಾರರು ಗೊಣಗಿದರೂ ನಾನು ಪೂರ್ತಿ ಹೆಸರನ್ನೇ ಬರೆಸುತ್ತೇನೆ. ಅಕ್ಷರ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೇ.