ಅಮೆರಿಕದ ಅಂತರ್ಯುದ್ಧ: ನಿರ್ಣಾಯಕ ಕದನಗಳು

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳಿಗೂ ಉತ್ತರದ ರಾಜ್ಯಗಳಿಗೂ ನಡೆದ ಯುದ್ಧ (1861–65). 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ನಡೆಸಿದ ಫಿರಂಗಿ ದಾಳಿಯಿಂದ ಆರಂಭವಾಯಿತು. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್‌ನಲ್ಲಿ ಒಂದೇ ದಿನ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ದಕ್ಷಿಣದ ಸೇನಾನಿ ಲೀ ಹಿಂದೆ ಸರಿದರು. ಕದನ ನಡೆದ ಐದೇ ದಿನಗಳಲ್ಲಿ ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನೆಯ ಪ್ರಾಥಮಿಕ ಘೋಷಣೆ ಹೊರಡಿಸಿದರು.

1863ರ ಜುಲೈ 1ರಿಂದ 3ರವರೆಗೆ ನಡೆದ ಗೆಟಿಸ್‌ಬರ್ಗ್ ಕದನವೇ ಹೆಚ್ಚು ಪ್ರಸಿದ್ಧ. ಆದರೆ ಯುದ್ಧದ ಗತಿಯನ್ನು ಬದಲಿಸಿದ್ದರಲ್ಲಿ ಮಿಸಿಸಿಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಅದಕ್ಕಿಂತ ಕಡಿಮೆಯದಲ್ಲ. ಉತ್ತರದ ಸೇನಾನಿ ಗ್ರಾಂಟ್ ಈ ಊರಿಗೆ 47 ದಿನ ಮುತ್ತಿಗೆ ಹಾಕಿದರು. ಶೆಲ್‌ಗಳಿಂದ ತಪ್ಪಿಸಿಕೊಳ್ಳಲು ಜನ ಗುಡ್ಡದ ಮಣ್ಣಿನಲ್ಲಿ ಗುಹೆ ತೋಡಿಕೊಂಡು, ಹೇಸರಗತ್ತೆಯ ಮಾಂಸ ತಿಂದು ಬದುಕಿದರು. ಕಾಗದ ಮುಗಿದಾಗ ಸ್ಥಳೀಯ ಪತ್ರಿಕೆ ಗೋಡೆಗೆ ಅಂಟಿಸುವ ಅಲಂಕಾರಿಕ ಕಾಗದದ ಹಿಂಬದಿಯಲ್ಲಿ ಅಚ್ಚಾಯಿತು. ಜುಲೈ 4ರಂದು ಊರು ಶರಣಾಯಿತು. ಕೆಲವೇ ದಿನಗಳಲ್ಲಿ ಇಡೀ ನದಿ ಉತ್ತರದವರ ಕೈಸೇರಿ, ದಕ್ಷಿಣ ಎರಡು ಹೋಳಾಯಿತು.

1864ರ ಸೆಪ್ಟೆಂಬರಿನಲ್ಲಿ ಅಟ್ಲಾಂಟ ಬಿದ್ದದ್ದು ಲಿಂಕನ್ ಅವರ ಮರು ಆಯ್ಕೆಗೆ ದಾರಿಮಾಡಿತು. 1865ರ ಏಪ್ರಿಲ್ 9ರಂದು ಲೀ ಅಪೊಮಟಾಕ್ಸ್‌ನಲ್ಲಿ ಶರಣಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಮಾಡಿತು.