ಮರುಭೂಮಿಯ ಸಂತ ಅಂತೋಣಿಯವರ ವಿದ್ಯೆ

ಅಧ್ಯಯನವು ಭಾರವೆನಿಸಿದಾಗ ಗುರುಮಠಗಳಲ್ಲಿ ಈಜಿಪ್ಟಿನ ಸಂತ ಅಂತೋಣಿಯವರ ಹೆಸರು ಕೇಳಿಬರುವುದುಂಟು. ಅಕ್ಷರ ಕಲಿಯದೆಯೇ ಅವರು ಸನ್ಯಾಸಿಗಳ ಪಿತಾಮಹರಾಗಲಿಲ್ಲವೆ ಎಂಬುದು ವಾದ. ಇದಕ್ಕೆ ಚರಿತ್ರೆಯ ಆಧಾರವೆಷ್ಟು?

ಈ ಮಾತಿನ ಮೂಲ, ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಸಂತ ಅಥನಾಸಿಯುಸರು ಬರೆದ ಅಂತೋಣಿಯವರ ಜೀವನಚರಿತ್ರೆ. 356ರಲ್ಲಿ ಅಂತೋಣಿಯವರು ದೈವಾಧೀನರಾದ ಕೆಲಕಾಲದಲ್ಲೇ ಇದು ರಚಿತವಾಯಿತು. ಅನುಕೂಲಸ್ಥ ಕ್ರೈಸ್ತ ಕುಟುಂಬದ ಬಾಲಕನಾಗಿದ್ದರೂ ಅವರಿಗೆ ಶಾಲೆಯ ವಿದ್ಯೆ ರುಚಿಸಲಿಲ್ಲವೆಂದು ಈ ಕೃತಿ ಹೇಳುತ್ತದೆ. ಆಗ ಅಥನಾಸಿಯುಸರು ಆರಿಯ ಪಂಥದ ಪರವಾಗಿದ್ದ ಚಕ್ರವರ್ತಿಗೆ ಸಿಗದಂತೆ ಅಜ್ಞಾತವಾಸದಲ್ಲಿದ್ದರು. ದೇವರಿಂದ ಕಲಿತವನ ಮುಂದೆ ತತ್ವಜ್ಞಾನಿಗಳ ತರ್ಕ ನಿಲ್ಲದೆಂದು ತೋರಿಸುವುದು ಅವರ ಉದ್ದೇಶಗಳಲ್ಲೊಂದು. ಆ ಮಾತನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು.

ಮತ್ತೊಂದು ಸಾಕ್ಷ್ಯವೂ ಉಂಟು. ಅಂತೋಣಿಯವರು ಮಠಗಳಿಗೆ ಈಜಿಪ್ಟಿನ ಭಾಷೆಯಲ್ಲಿ ಏಳು ಪತ್ರಗಳನ್ನು ಬರೆದರೆಂದು ಸಂತ ಜೆರೋಮರು ದಾಖಲಿಸಿದ್ದಾರೆ. ಅವರ ಹೆಸರಿನ ಏಳು ಪತ್ರಗಳು ಜಾರ್ಜಿಯನ್, ಲ್ಯಾಟಿನ್, ಅರಬ್ಬೀ ಮುಂತಾದ ಭಾಷಾಂತರಗಳಲ್ಲಿ ಉಳಿದಿವೆ. ತನ್ನನ್ನು ಅರಿತವನೇ ದೇವರನ್ನು ಅರಿಯಬಲ್ಲನೆಂಬುದು ಅವುಗಳ ಮುಖ್ಯ ಬೋಧೆ. ಅಲ್ಲಿ ಒರಿಜೆನ್‌ನ ಚಿಂತನೆಯ ಛಾಯೆ ಸ್ಪಷ್ಟ. ಇವು ಅಂತೋಣಿಯವರದೇ ಎಂದು ಸ್ವೀಡನ್ನಿನ ವಿದ್ವಾಂಸ ಸ್ಯಾಮುಯೆಲ್ ರೂಬೆನ್ಸನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿಪಾದಿಸಿದರು. ಎಲ್ಲರೂ ಅದನ್ನು ಒಪ್ಪಿಲ್ಲವಾದರೂ, ಅಂತೋಣಿಯವರನ್ನು ಏನೂ ಅರಿಯದ ಹಳ್ಳಿಗನೆಂದು ಸಲೀಸಾಗಿ ಹೇಳುವ ಕಾಲ ಮುಗಿದಿದೆ.

ಹಾಗಾದರೆ ಈ ಎರಡು ಚಿತ್ರಗಳು ಪರಸ್ಪರ ವಿರುದ್ಧವೆ? ಪೂರ್ತಿಯಾಗಿ ಅಲ್ಲ. ದೇವಾಲಯದಲ್ಲಿ ವಾಚನಗಳನ್ನು ಅವರು ಎಷ್ಟು ಏಕಾಗ್ರತೆಯಿಂದ ಆಲಿಸುತ್ತಿದ್ದರೆಂದರೆ, ಅವರಿಗೆ ನೆನಪೇ ಗ್ರಂಥವಾಯಿತೆಂದು ಅಥನಾಸಿಯುಸರೇ ಬರೆಯುತ್ತಾರೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡೆಂಬ ಪ್ರಭುವಿನ ಮಾತು (ಮತ್ತಾಯ 19:21) ಕಿವಿಗೆ ಬಿದ್ದೊಡನೆ, ಪಿತ್ರಾರ್ಜಿತ ಹೊಲಗಳನ್ನು ಊರವರಿಗೆ ಬಿಟ್ಟುಕೊಟ್ಟರು. ಉಳಿದ ಸೊತ್ತನ್ನು ಮಾರಿ ಬಡವರಿಗೆ ಹಂಚಿ, ತಂಗಿಗಾಗಿ ಸ್ವಲ್ಪವನ್ನು ಇಟ್ಟರು. ನಾಳೆಯ ಚಿಂತೆ ಬೇಡವೆಂಬ ವಾಕ್ಯವನ್ನು (ಮತ್ತಾಯ 6:34) ಮತ್ತೊಮ್ಮೆ ಆಲಿಸಿದಾಗ ಅದನ್ನೂ ದಾನಮಾಡಿ, ತಂಗಿಯನ್ನು ಭಕ್ತ ಕನ್ಯೆಯರ ಆಶ್ರಯಕ್ಕೆ ಒಪ್ಪಿಸಿದರು. ಕೇಳಿದ್ದನ್ನು ಬದುಕಿದ ಮೇಲೆಯೇ ಅವರು ಬೋಧಿಸಿದರು.

ಆದುದರಿಂದ ಅವರು ತೊರೆದದ್ದು ವಿದ್ಯೆಯ ಗರ್ವವನ್ನು, ವಿದ್ಯೆಯನ್ನಲ್ಲ. ಓದಿನ ಆಲಸ್ಯಕ್ಕೆ ಅವರ ಹೆಸರನ್ನು ಮರೆಮಾಡುವುದು ಅಭ್ಯರ್ಥಿಗಳಿಗೆ ತರವಲ್ಲ. ಅಂಕಗಳಿಂದಲೇ ದೈವಕರೆಯನ್ನು ಅಳೆಯುವುದು ಬೋಧಕರಾದ ನಮಗೂ ತರವಲ್ಲ. ಪ್ರತಿದಿನ ಬಲಿಪೂಜೆಯಲ್ಲಿ ಶುಭಸಂದೇಶವನ್ನು ನಾವೂ ಕೇಳುತ್ತೇವೆ, ಅಂತೋಣಿಯವರಂತೆ ಆಲಿಸುತ್ತೇವೆಯೆ?