ಮರಗಸಿಯವರ ನೋವು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಮಂಜರಾಬಾದಿನ ಕಾಡುಗಳಲ್ಲಿ ವಿಸ್ತರಿಸಿದ ಕಾಫಿಯ ಕೃಷಿಯೊಡನೆ, ರಾಬರ್ಟ್ ಎಲಿಯಟ್ಟನಂತಹ ತೋಟಗಾರರು ಆಗ್ರಹದಿಂದ ಪ್ರತಿಪಾದಿಸಿದ ನೆರಳುಮರಗಳನ್ನು ಹತ್ತಿ ಕೊಂಬೆ ಸವರುವ ಮರಗಸಿಯ ಕಸುಬೂ ಸಕಲೇಶಪುರ, ಆಲೂರುಗಳ ಬೆಟ್ಟಗಳಲ್ಲಿ ಬೇರೂರಿತು. ತೋಟಗಳ ವೈಭವವನ್ನು ಬಣ್ಣಿಸುವ ಚರಿತ್ರೆಯಲ್ಲಿ, ಕೊಂಬೆಯಿಂದ ಬಿದ್ದು ತೋಳಿನ ನರ ಹರಿದುಕೊಂಡವರ ಉರಿಗೆ ಎಡೆಯಿಲ್ಲದಿರುವುದು ಅನ್ಯಾಯವೆಂದೇ ನನ್ನ ಭಾವನೆ. ಗಾಯ ಮಾಯ್ದ ಮೇಲೂ ಉಳಿಯುವ ಇಂತಹ ಉರಿಯನ್ನು ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಕಂಡ ವೈದ್ಯ ವೀರ್ ಮಿಚೆಲ್ 1864ರಲ್ಲಿಯೇ ವರ್ಣಿಸಿದ್ದನು. ಆದರೆ ಹರಿದ ನರದ ಶೇಷವನ್ನು ಶುಚಿಗೊಳಿಸಲು ಧಾವಿಸುವ ರಕ್ಷಕ ಜೀವಕಣಗಳೂ, 1919ರಲ್ಲಿ ಸ್ಪೇನಿನ ರಿಯೊ ಒರ್ಟೇಗನು ಗುರುತಿಸಿದ, ಮಿದುಳು-ಬೆನ್ನುಹುರಿಗಳ ರಕ್ಷಕ ಕಣಗಳಾದ ಮೈಕ್ರೊಗ್ಲಿಯಗಳೂ ಆ ಉರಿಗೆ ಕಾರಣವಾಗಬಲ್ಲವೆಂಬುದು ಬಹುಕಾಲ ಅಜ್ಞಾತವಾಗಿತ್ತು. ಬೆನ್ನುಹುರಿಯಲ್ಲಿ ಪ್ರಚೋದಿತವಾದ ಮೈಕ್ರೊಗ್ಲಿಯಗಳ ಸ್ರಾವವು ನೋವಿನ ಸಂದೇಶಕ್ಕಿರುವ ಸಹಜ ತಡೆಯನ್ನು ಸಡಿಲಿಸಿ, ಬಟ್ಟೆಯ ಮೃದುಸ್ಪರ್ಶವನ್ನೂ ಅಸಹನೀಯ ವೇದನೆಯಾಗಿಸಬಲ್ಲದೆಂದು ಇಲಿಗಳ ಮೇಲಿನ ಪ್ರಯೋಗಗಳಿಂದ 2003ರ ತರುವಾಯವಷ್ಟೇ ವಿಶದವಾಯಿತು.